ತಂಪಿನ ಅಳತೆ ಕಲಿಸಿದ ಚರ್ಮ

ಹುಟ್ಟುವಾಗ ಉಸಿರುಕಟ್ಟಿ ಮಿದುಳಿಗೆ ಪೆಟ್ಟು ಬಿದ್ದ ಶಿಶುವಿಗೆ ಇಂದು ತಂಪು ಚಿಕಿತ್ಸೆ ಕೊಡುತ್ತಾರೆ. ಹುಟ್ಟಿದ ಆರು ಗಂಟೆಯೊಳಗೆ ಶುರುಮಾಡಿ, ಮೈಶಾಖವನ್ನು 33.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 72 ಗಂಟೆ ಹಿಡಿದಿಟ್ಟು, ಆಮೇಲೆ ಗಂಟೆಗೆ ಅರ್ಧ ಡಿಗ್ರಿಯ ನಿಧಾನದಲ್ಲಿ ಬೆಚ್ಚಗಾಗಿಸುತ್ತಾರೆ. ಈ ಅಳತೆ ಮಿದುಳಿನ ಸಂಶೋಧನೆಯಿಂದ ಬಂತೆಂಬುದು ಅರ್ಧ ಸತ್ಯ. ಚಳಿ ಎಲ್ಲಿ ಕೊಲ್ಲುತ್ತದೆ ಎಂಬುದನ್ನು ವೈದ್ಯಲೋಕ ಅದಕ್ಕೂ ಬಹಳ ಮೊದಲೇ ಶಿಶುಗಳ ಚರ್ಮದಲ್ಲಿ, ರಕ್ತದಲ್ಲಿ ಕಂಡಿತ್ತು. ಆ ಹಳೆಯ ಎಚ್ಚರವೂ ಈ ಚಿಕಿತ್ಸೆಯ ಭಾಗವೇ ಎಂಬುದು ನನ್ನ ವಾದ.

1784ರಲ್ಲೇ ಲಂಡನ್ನಿನ ವೈದ್ಯ ಮೈಕೆಲ್ ಅಂಡರ್‌ವುಡ್, ಚರ್ಮ ಬಿಗಿದು ಗಟ್ಟಿಯಾಗಿ ಸಾಯುವ ಶಿಶುಗಳ ಬಗ್ಗೆ ಬರೆದಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಪಿಯರ್ ಬುಡಾಂ, ಮೈ ತಣ್ಣಗಾದ ಅಕಾಲಿಕ ಶಿಶುಗಳು ಉಳಿಯುವುದು ಕಷ್ಟವೆಂದು ಲೆಕ್ಕವಿಟ್ಟು ತೋರಿಸಿದರು. 1957ರಲ್ಲಿ ಇಂಗ್ಲೆಂಡಿನ ಮ್ಯಾನ್ ಮತ್ತು ಎಲಿಯಟ್, ಚಳಿಗಾಲದ ಮನೆಗಳಲ್ಲಿ ತಣ್ಣಗಾದ ಶಿಶುಗಳನ್ನು ವರ್ಣಿಸಿದರು. ಅವುಗಳ ಮುಖ ಮತ್ತು ಕೈಕಾಲು ಕೆಂಪಾಗಿರುತ್ತಿದ್ದವು. ಆ ಕೆಂಪು ಆರೋಗ್ಯದಂತೆ ಕಂಡು ನೋಡುವವರನ್ನು ಮೋಸಗೊಳಿಸುತ್ತಿತ್ತು.

ಇದೇ ಹೊತ್ತಿಗೆ ಸ್ವೀಡನ್ನಿನ ಬ್ಯೋರ್ನ್ ವೆಸ್ಟಿನ್ ಮತ್ತವರ ಸಂಗಡಿಗರು, ಬೇರೆ ಉಪಾಯಗಳಿಗೆ ಉಸಿರಾಡದ ಶಿಶುಗಳನ್ನು ತಣ್ಣೀರಿನಲ್ಲಿ ಮುಳುಗಿಸಿ ಬದುಕಿಸಿದ ವರದಿಗಳನ್ನು ಪ್ರಕಟಿಸಿದರು. ಆದರೆ 1958ರಲ್ಲಿ ಅಮೆರಿಕದ ವಿಲಿಯಂ ಸಿಲ್ವರ್‌ಮನ್, ಕೊಂಚ ಹೆಚ್ಚು ಬೆಚ್ಚಗಿನ ಇನ್‌ಕ್ಯುಬೇಟರಿನಲ್ಲಿಟ್ಟ ಅಕಾಲಿಕ ಶಿಶುಗಳು ಹೆಚ್ಚು ಉಳಿಯುತ್ತವೆಂದು ಸಾಬೀತುಮಾಡಿದ್ದರು. ತಂಪಿನ ಯೋಚನೆ ದಶಕಗಳ ಕಾಲ ಮೂಲೆಗೆ ಸರಿಯಿತು. ಇದನ್ನು ವೈದ್ಯರ ಅಂಜುಬುರುಕುತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವೆಸ್ಟಿನ್ನರ ಪ್ರಯೋಗದಲ್ಲಿ ಹೋಲಿಕೆಯ ಗುಂಪಿರಲಿಲ್ಲ, ಸಿಲ್ವರ್‌ಮನ್ನರದರಲ್ಲಿ ಇತ್ತು. ತೊಂಬತ್ತರ ದಶಕದಲ್ಲಿ ಆಕ್ಲೆಂಡಿನಲ್ಲಿ ಕುರಿಯ ಭ್ರೂಣಗಳ ಮೇಲೆ ನಡೆದ ಅಧ್ಯಯನಗಳು, 2005 ಮತ್ತು 2009ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳು ಹೊಸ ಪುರಾವೆ ತಂದಾಗಲೇ ತಂಪು ಮರಳಿತು, ಅದೂ ಅವಧಿ ತುಂಬಿ ಇಲ್ಲವೇ ತುಂಬುವ ಹೊತ್ತಿಗೆ ಹುಟ್ಟಿದ ಶಿಶುಗಳಿಗೆ ಮಾತ್ರ, ಅಳತೆಗೆ ಒಳಪಟ್ಟು.

ಆದರೂ ಚರ್ಮದ ಸಾಕ್ಷ್ಯ ಮುಗಿದಿಲ್ಲ. ನವಜಾತ ಶಿಶುವಿನ ಚರ್ಮದಡಿಯ ಕೊಬ್ಬಿನಲ್ಲಿ ಪರ್ಯಾಪ್ತ ಕೊಬ್ಬಿನಾಮ್ಲಗಳು ಹೆಚ್ಚು. ಚಳಿಗೆ ತುಪ್ಪ ಹೆಪ್ಪುಗಟ್ಟುವಂತೆ ಅದು ಬೇಗ ಗಟ್ಟಿಯಾಗುತ್ತದೆ. ಬೆನ್ನು, ಭುಜ, ಪೃಷ್ಠಗಳ ಮೇಲೆ ಕೆಂಪು ಗಡಸು ಗಂಟುಗಳೇಳುತ್ತವೆ. ಅಲ್ಲಿ ಸೇರುವ ಉರಿಯೂತದ ಕೋಶಗಳು ವಿಟಮಿನ್ ಡಿಯ ಸಕ್ರಿಯ ರೂಪವನ್ನು ತಯಾರಿಸುವುದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ಮಗು ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಸೊರಗುತ್ತದೆ. ಮೂತ್ರಪಿಂಡದಲ್ಲಿ ಸುಣ್ಣ ಕೂರುವುದೂ ಉಂಟು. ಬ್ರಿಟನ್ನಿನ ದಾಖಲೆಯೊಂದರಲ್ಲಿ ತಂಪು ಪಡೆದ 1,239 ಶಿಶುಗಳಲ್ಲಿ 12ಕ್ಕೆ ಈ ಗಂಟುಗಳು ಕಂಡವು. ನೂರರಲ್ಲಿ ಒಂದಕ್ಕೆ ಇಷ್ಟು ಚಿಂತೆಯೇಕೆ, ಉಸಿರುಕಟ್ಟಿದ ಶಿಶುಗಳಲ್ಲಿ ತಂಪಿಲ್ಲದೆಯೂ ಇದು ಬರುತ್ತದಲ್ಲ ಎಂದು ಕೇಳಬಹುದು. ಎರಡೂ ನಿಜ. ಮಿದುಳು ಉಳಿಸುವ ಚಿಕಿತ್ಸೆಯನ್ನು ಗಂಟುಗಳ ಭಯಕ್ಕೆ ಬಿಡಬೇಕಿಲ್ಲ. ಆದರೆ ಕ್ಯಾಲ್ಸಿಯಂ ಏರುವುದು ಹಲವು ಸಲ ವಾರಗಳ ಮೇಲೆ, ಮಗು ಮನೆ ಸೇರಿದ ನಂತರ. ಆಗ ನೋಡುವವರು ವೈದ್ಯರಲ್ಲ, ತಾಯಿ.

ತಂಪಿಗೆ ಎಲ್ಲೆಡೆ ಒಂದೇ ಬೆಲೆಯೂ ಇಲ್ಲ. ಬೆಂಗಳೂರಿನ ಆಸ್ಪತ್ರೆಗಳೂ ಸೇರಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ 408 ಶಿಶುಗಳ ಮೇಲೆ ನಡೆದ ಹೀಲಿಕ್ಸ್ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ತಂಪು ಪಡೆದವರಲ್ಲಿ ಶೇ. 42, ಪಡೆಯದವರಲ್ಲಿ ಶೇ. 31 ಶಿಶುಗಳು ಸತ್ತಿದ್ದವು. ಶ್ರೀಮಂತ ದೇಶಗಳ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತರಲಾಗದು ಎಂಬುದಕ್ಕೆ ಇದಕ್ಕಿಂತ ಕಠಿಣ ಪುರಾವೆ ಬೇಡ. ಯಾವ ಶಿಶುವಿಗೆ ತಂಪು, ಯಾರ ನಿಗಾದಲ್ಲಿ ಎಂಬ ಪ್ರಶ್ನೆ ಮೊದಲು ಬರಬೇಕು. ತಂಪು ಕೊಟ್ಟಲ್ಲಿ ಬೆನ್ನು ತಡವಿ ನೋಡುವ ಕೈ, ಮುಂದಿನ ವಾರಗಳ ಕ್ಯಾಲ್ಸಿಯಂ ಪರೀಕ್ಷೆ, ತಾಯಿಗೆ ಬಿಡಿಸಿ ಹೇಳುವ ಮಾತು ಇವೆಲ್ಲ 72 ಗಂಟೆಯಷ್ಟೇ ಕಡ್ಡಾಯವಾಗಬೇಕು.