ಚೆನಾಬ್ ರೈಲು ಸೇತುವೆ

ಜಮ್ಮು ಮತ್ತು ಕಾಶ್ಮೀರದ ರಿಯಾಸಿ ಜಿಲ್ಲೆಯಲ್ಲಿ ಬಕ್ಕಲ್ ಮತ್ತು ಕೌರಿ ಎಂಬ ಊರುಗಳ ನಡುವೆ ಚೆನಾಬ್ ನದಿಯ ಕಮರಿಗೆ ಅಡ್ಡಲಾಗಿ ನಿಂತಿರುವ ಈ ಉಕ್ಕಿನ ಸೇತುವೆ, 272 ಕಿ.ಮೀ. ಉದ್ದದ ಉಧಂಪುರ–ಶ್ರೀನಗರ–ಬಾರಾಮುಲ್ಲಾ ಮಾರ್ಗಕ್ಕೆ ಸೇರಿದ್ದು, ಜಗತ್ತಿನಲ್ಲೇ ಅತಿ ಎತ್ತರದ ಕಮಾನು ರೈಲು ಸೇತುವೆಯಾಗಿದೆ. ಇದರ ಉದ್ದ 1,315 ಮೀ.; ಹಳಿಗಳಿರುವುದು ನದೀಪಾತ್ರದಿಂದ 359 ಮೀ. ಮೇಲೆ.

ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ರೈಲು ಮುನಿರಾಬಾದ್ ಬಳಿ ತುಂಗಭದ್ರೆಯನ್ನು ದಾಟುವಾಗ ನದಿಯ ಬಂಡೆಹಾಸಿನಲ್ಲೇ ಊರಿದ ಕಂಬಗಳು ಅದರ ಭಾರ ಹೊರುತ್ತವೆ. ಆನೆಗೊಂದಿಯ ಬಳಿ ಹೊಳೆಯಲ್ಲಿ ಉಳಿದಿರುವ ವಿಜಯನಗರ ಕಾಲದ ಕಲ್ಲುಕಂಬಗಳ ಸಾಲಿನದೂ ಅದೇ ಕ್ರಮ. ಚೆನಾಬಿನ ಆಳವಾದ ಕಮರಿಯಲ್ಲಿ ಅದಕ್ಕೆ ಅವಕಾಶವಿಲ್ಲದ್ದರಿಂದ 467 ಮೀ. ಅಗಲಕ್ಕೆ ಒಂದೇ ಕಮಾನನ್ನು ಹಾಯಿಸಲಾಗಿದೆ. ಕಮಾನು ತನ್ನ ಮೇಲಿನ ಭಾರವನ್ನು ಬಾಗಿದ ಮೈಯುದ್ದಕ್ಕೂ ಒತ್ತಡವಾಗಿ ಸಾಗಿಸಿ ಎರಡೂ ದಡಗಳ ಬಂಡೆಗೆ ಒಪ್ಪಿಸುವುದರಿಂದ, ಇಲ್ಲಿ ನಿಜವಾದ ಪರೀಕ್ಷೆ ಉಕ್ಕಿಗಿಂತ ಬೆಟ್ಟದ್ದೇ ಆಗಿತ್ತೆನ್ನಬೇಕು. ಬಿರುಕುಬಿಟ್ಟ ಆ ಇಳಿಜಾರುಗಳನ್ನು ಬಂಡೆಯೊಳಗೆ ಕೊರೆದು ಕೂರಿಸಿದ ಉಕ್ಕಿನ ಸರಳುಗಳಿಂದ ಬಿಗಿದು ಭದ್ರಪಡಿಸುವ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿ ಜಿ. ಮಾಧವಿ ಲತಾ ಭೂತಾಂತ್ರಿಕ ಸಲಹೆಗಾರರಾಗಿದ್ದರು. ಅಗೆದಂತೆಲ್ಲ ಕಂಡುಬಂದ ಬಂಡೆಯ ಗುಣಕ್ಕನುಗುಣವಾಗಿ ವಿನ್ಯಾಸವನ್ನೂ ತಿದ್ದುತ್ತ ಹೋಗಲಾಯಿತು.

ಗಂಟೆಗೆ 266 ಕಿ.ಮೀ. ವೇಗದ ಗಾಳಿಯನ್ನು ತಡೆಯುವಂತೆ ರೂಪಿಸಲಾದ ಈ ಸೇತುವೆಯ ನಿರ್ಮಾಣವನ್ನು ಕೊಂಕಣ ರೈಲ್ವೆ ನಿಗಮ ನೋಡಿಕೊಂಡಿತು. ಎರಡೂ ದಡಗಳಿಂದ ಚಾಚುತ್ತ ಬಂದ ಕಮಾನಿನ ತುದಿಗಳು 2021ರ ಏಪ್ರಿಲ್‌ನಲ್ಲಿ ಕೂಡಿಕೊಂಡವು. 2025ರ ಜೂನ್ 6ರಂದು ಸೇತುವೆ ಉದ್ಘಾಟನೆಗೊಂಡಿತು.