ರಾಜಧಾನಿ ನಡೆದ ದಾರಿ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಪ್ರವಾಸದ ಸಿದ್ಧತೆಯೆಂದರೆ ನಮ್ಮಲ್ಲಿ ಅನೇಕರಿಗೆ ಊರುಗಳ ಪಟ್ಟಿ ಮಾಡುವುದೆಂದೇ ಅರ್ಥ. ಈಚೆಗೆ ನಾನೂ ಅಂಥದೊಂದು ಪಟ್ಟಿ ಮಾಡಿದೆ. ಮಲೆನಾಡಿನ ನಕಾಶೆಯನ್ನು ಮೇಜಿನ ಮೇಲೆ ಹರಡಿ, ಮೂರು ದಿನಗಳಿಗೆ ಹನ್ನೊಂದು ಊರುಗಳನ್ನು ಬರೆದು, ಒಂದೊಂದರ ಮುಂದೆಯೂ ತಲುಪುವ ಹೊತ್ತು, ಹೊರಡುವ ಹೊತ್ತುಗಳನ್ನು ನಮೂದಿಸಿದೆ. ನನ್ನ ಪತ್ನಿ ಅದನ್ನು ಓದಿ, "ಇದೇನು ಪ್ರವಾಸವೋ, ನಿಮ್ಮ ಕಾಲೇಜಿನ ಹಾಜರಿ ಪುಸ್ತಕವೋ?" ಎಂದಳು.

ಆ ಮಾತು ನನಗೆ ನಾಟಿತು. ಅದಕ್ಕೆ ಕಾರಣವೂ ಇತ್ತು. 1990ರ ಸುಮಾರಿನಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಇದೇ ಸೀಮೆಗೆ ಹೋಗಿದ್ದೆ. ಆಗಲೂ ಇಂಥದೇ ಪಟ್ಟಿ. ಕವಲೇದುರ್ಗದ ಬುಡಕ್ಕೆ ಬರುವಾಗ ಹೊತ್ತು ಮುಳುಗುತ್ತಿತ್ತು. ಮೊದಲ ಹೆಬ್ಬಾಗಿಲನ್ನು ಮುಟ್ಟಿ ಹಿಂದಿರುಗಿದೆವು. ಆಮೇಲೆ ಎಷ್ಟೋ ವರ್ಷ ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ವನ್ನು ಪಾಠ ಹೇಳುತ್ತ ಆ ದುರ್ಗವನ್ನು ಕಣ್ಣಾರೆ ಕಂಡವನಂತೆ ವರ್ಣಿಸಿದ್ದೇನೆ. ನಾನು ಕಂಡಿದ್ದು ಒಂದು ಬಾಗಿಲನ್ನು ಮಾತ್ರ.

ಆದ್ದರಿಂದ ಈ ಸಲ ಪಟ್ಟಿಯನ್ನು ಬದಿಗಿಟ್ಟು, ಇತಿಹಾಸವೇ ಹಾಕಿಕೊಟ್ಟ ದಾರಿಯನ್ನು ಹುಡುಕಿದೆ. ಕೆಳದಿಯ ಅರಸರ ರಾಜಧಾನಿ ಒಂದೇ ಕಡೆ ನಿಲ್ಲಲಿಲ್ಲ. ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಅದು ನಡೆದುಹೋಯಿತು. ನಾವೂ ಅದೇ ಕ್ರಮದಲ್ಲಿ ನಡೆದರೆ, ಅದು ಏಕೆ ನಡೆಯಿತೆಂಬುದನ್ನು ನೆಲವೇ ಹೇಳುತ್ತದೆ.

ಪ್ರಯಾಣದ ಆರಂಭಕ್ಕೂ ನಮಗೊಬ್ಬ ಹಿರಿಯ ಮಾರ್ಗದರ್ಶಿ ಇದ್ದಾನೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸರ ರಾಯಭಾರಿಯೊಡನೆ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದವನು. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿಯ ಪಯಣ. ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ. ದಾರಿಯಲ್ಲಿ ಹೊರೆಗಳನ್ನು ಸಜ್ಜುಗೊಳಿಸುವುದು ತಡವಾದಾಗ ಅವನು ಒಂದು ದೇವಾಲಯದ ಮುಖಮಂಟಪದಲ್ಲಿ ಕಾಯುತ್ತಿದ್ದ. ಅಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ, ಗುರುವಿಲ್ಲದೆಯೇ ಲೆಕ್ಕ ಕಲಿಯುತ್ತಿದ್ದರು. ಆ ಕಾಲದ ನಮ್ಮ ನಾಡಿನ ಮಕ್ಕಳ ಓದನ್ನು ಕುರಿತು ಇಂಥ ಜೀವಂತ ಚಿತ್ರ ದೊರೆತದ್ದು ಹೊರೆ ತಡವಾದ್ದರಿಂದ! ಅವನ ಬಳಿ ನನ್ನ ಪಟ್ಟಿ ಇದ್ದಿದ್ದರೆ ಆ ಹುಡುಗರು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

ಅವನು ಬಂದದ್ದು ನವೆಂಬರಿನಲ್ಲಿ. ನಾವೂ ಮಳೆ ಹಿಂದೆಗೆದ ಆ ತಿಂಗಳನ್ನೇ ಆರಿಸಿಕೊಂಡಿದ್ದೇವೆ. ಮೊದಲ ದಿನ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ ಸಾಗರಕ್ಕೆ. ಎರಡನೆಯ ದಿನ ಕೆಳದಿ ಮತ್ತು ಇಕ್ಕೇರಿ. ಎರಡೂ ಸಾಗರಕ್ಕೆ ಹತ್ತಿರ. ಕೆಳದಿಯಲ್ಲಿ ರಾಮೇಶ್ವರ, ವೀರಭದ್ರರ ಗುಡಿಗಳಿವೆ. ಗುಂಡಾ ಜೋಯಿಸರು ಜೀವಮಾನವಿಡೀ ದುಡಿದು ಕಟ್ಟಿದ ವಸ್ತುಸಂಗ್ರಹಾಲಯದ ತಾಳೆಗರಿಗಳಿವೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಿ ನೆಲವನ್ನು ನೋಡಿ ನಡೆಯಬೇಕು. ನಾಯಕ ಅರಸರು ದೇವರಿಗೆ ಅಡ್ಡಬಿದ್ದ ಆಕೃತಿಗಳನ್ನು ಅಲ್ಲಿ ನೆಲಹಾಸಿನ ಕಲ್ಲಿನಲ್ಲೇ ಕೆತ್ತಿದೆ.

ಇಕ್ಕೇರಿ ಬಯಲಿಗೆ ತೆರೆದ ಊರು. ಬಿಜಾಪುರದ ಸೇನೆ ಬಂದೆರಗಿದ ಮೇಲೆ, 1640ರ ಆಸುಪಾಸಿನಲ್ಲಿ, ವೀರಭದ್ರ ನಾಯಕ ಬಿದನೂರಿಗೆ ಸರಿದ. ಮೂರನೆಯ ದಿನ ನಾವು ಆ ದಾರಿ ಹಿಡಿದಾಗ ಕಾಡು ದಟ್ಟವಾಗುತ್ತದೆ, ಗುಡ್ಡಗಳು ಒತ್ತೊತ್ತಾಗಿ ಬರುತ್ತವೆ. ಆ ನಿರ್ಧಾರಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಆದರೆ ಅದು ಬರಿಯ ಅಡಗುತಾಣವಾಗಿರಲಿಲ್ಲ. ಬಿದನೂರು ಕರಾವಳಿಗೆ ಇಳಿಯುವ ಘಟ್ಟದ ನೆತ್ತಿಗೆ ಸಮೀಪ. ಮೆಣಸು, ಅಕ್ಕಿಗಳ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಕಾವಲು ಕಟ್ಟೆ ಯಾವುದು? ಭೂಕಂದಾಯಕ್ಕೆ ಶಿಸ್ತು ಎಂಬ ಕ್ರಮ ಹಾಕಿದ ಶಿವಪ್ಪ ನಾಯಕ ಇಲ್ಲಿಂದ ಆಳಿದ. 1689ರಲ್ಲಿ ಔರಂಗಜೇಬನ ಸೇನೆಗೆ ಅಂಜದೆ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮಾಜಿಯ ರಾಜಧಾನಿಯೂ ಇದೇ. 1763ರಲ್ಲಿ ಹೈದರಾಲಿಯ ಕೈಸೇರಿ ಹೈದರನಗರವಾಯಿತು; ಈಗ ಉಳಿದಿರುವ ಹೆಸರು ನಗರ. ಹೆಸರಿನಲ್ಲಿ ನಗರ, ನೋಡಲು ಹಳ್ಳಿ. ಕೋಟೆಯೂ ದೇವಗಂಗೆಯ ಕೊಳವೂ ಗತಕಾಲದ ಸಾಕ್ಷಿಗಳು.

ನಾಲ್ಕನೆಯ ದಿನ ಕವಲೇದುರ್ಗಕ್ಕೆ ಮೀಸಲು. ಐದನೆಯ ದಿನ ಹುಲಿಕಲ್ ಘಟ್ಟ ಇಳಿದು ಕುಂದಾಪುರದ ಬಳಿಯ ಬಸರೂರಿಗೆ. ಆ ಹಳೆಯ ಬಂದರನ್ನು ನೋಡದೆ ಬಿದನೂರಿನ ಕಥೆ ಮುಗಿಯುವುದಿಲ್ಲ. ಒಂದು ಘಟ್ಟ ಹತ್ತುವುದು, ಇನ್ನೊಂದು ಇಳಿಯುವುದು. ನಡುವೆ ಒಂದು ರಾಜ್ಯದ ಬಾಳು.

ಹನ್ನೊಂದು ಹೆಸರುಗಳಲ್ಲಿ ಆರನ್ನು ಹೊಡೆದುಹಾಕಿದ್ದೇನೆ. ಬಳ್ಳಿಗಾವೆಯ ಮೇಲೆ ಗೀಟೆಳೆಯುವಾಗ, ಕನ್ನಡದ ಮೇಷ್ಟರಾದ ನನಗೆ ಸಂಕಟವಾಯಿತು. ಆದರೆ ಅದು ಬೇರೊಂದು ಕಾಲದ ಕಥೆ. ಅದಕ್ಕೆ ಬೇರೊಂದು ಪ್ರಯಾಣವೇ ಸಲ್ಲಬೇಕು. ಕವಲೇದುರ್ಗದ ದಿನದ ಮುಂದೆ ಯಾವ ಹೊತ್ತನ್ನೂ ಬರೆದಿಲ್ಲ. ನನ್ನ ಮಂಡಿಗಳು ಈಗ ನನ್ನ ಮಾತು ಕೇಳುವುದಿಲ್ಲ. ನೆತ್ತಿಯವರೆಗೆ ಹತ್ತಲಾಗದಿದ್ದರೆ ಎರಡನೆಯ ಬಾಗಿಲಿನ ಕಲ್ಲಿನ ಮೇಲೆ ನಾವಿಬ್ಬರೂ ಕುಳಿತುಕೊಳ್ಳುತ್ತೇವೆ. ಮೊದಲನೆಯದನ್ನಂತೂ ದಾಟಿರುತ್ತೇನೆ.