ದತ್ತು ಕೊಡುವವಳನ್ನು ಕಾನೂನು ಯಾವಾಗ ನೋಡಿತು?

ದತ್ತು ಅಂದಕೂಡಲೇ ನಮ್ಮ ಕಡೆ ಜನರಿಗೆ ನೆನಪಾಗುವುದು ಕಿತ್ತೂರು. ದತ್ತುಪುತ್ರ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. 1824ರ ಅಕ್ಟೋಬರ್‌ನಲ್ಲಿ ಯುದ್ಧವಾಯಿತು, ಕಲೆಕ್ಟರ್ ಥ್ಯಾಕರೆ ಸತ್ತ. 1858ರಲ್ಲಿ ನರಗುಂದದ ಬಾಬಾಸಾಹೇಬ ಬಂಡಾಯ ಎದ್ದದ್ದಕ್ಕೂ ದತ್ತು ಪಡೆಯಲು ಅನುಮತಿ ಸಿಗದಿದ್ದದ್ದು ಒಂದು ಕಾರಣ. ಇವನ್ನೆಲ್ಲ ಶಾಲೆಯಲ್ಲಿ ಓದಿದ್ದೇವೆ. ಶಿವಲಿಂಗಪ್ಪನನ್ನು ಹೆತ್ತವ್ವ ಯಾರು, ಕೊಡುವಾಗ ಅವಳನ್ನು ಯಾರಾದರೂ ಕೇಳಿದರಾ ಅನ್ನುವುದನ್ನು ಮಾತ್ರ ಓದಲಿಲ್ಲ.

ಯಾಕೆಂದರೆ ಆಗ ದತ್ತು ಇದ್ದದ್ದು ಮನೆತನಕ್ಕಾಗಿ. ಆಸ್ತಿಗೆ ವಾರಸುದಾರ ಬೇಕು, ಅದೂ ಗಂಡೇ ಬೇಕು. ನಮ್ಮ ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನೇ ಬಸವಿ ಬಿಟ್ಟು, ಅವಳ ಮಗನಿಂದ ಮನೆ ಮುಂದುವರಿಸಿದ್ದೂ ಉಂಟು. ಅದನ್ನು ತಡೆಯಲು 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ಬಂತು. ಆದರೆ ಮದುವೆಗೆ ಮುಂಚೆ ಅಥವಾ ಗಂಡ ಸತ್ತ ಮೇಲೆ ಬಸಿರಾದವಳ ಕೂಸಿಗೆ ಎಲ್ಲಿಯೂ ಜಾಗವಿರಲಿಲ್ಲ. ಬಯಲಾಟದಲ್ಲಿ ಕುಂತಿ ಕೂಸನ್ನು ಹೊಳೆಗೆ ಬಿಟ್ಟರೆ ಕಣ್ಣೀರು ಹಾಕುವ ನಾವೇ, ನಮ್ಮೂರ ಹುಡುಗಿ ಅಂದರೆ ಕಲ್ಲು ಎತ್ತುತ್ತೇವೆ.

ಆ ಹೆಣ್ಣಿನ ಕಡೆಯಿಂದ ಮೊದಲು ಯೋಚಿಸಿದವರಲ್ಲಿ ಪುಣೆಯ ಜೋತಿಬಾ ಫುಲೆ, ಸಾವಿತ್ರಿಬಾಯಿ ದಂಪತಿ ಮುಖ್ಯರು. ವಿಧವೆಯರ ಮರುಮದುವೆಗೆ 1856ರಲ್ಲೇ ಕಾನೂನು ಬಂದಿದ್ದರೂ ಮೇಲ್ಜಾತಿಗಳಲ್ಲಿ ಅದು ನಡೆಯುತ್ತಿರಲಿಲ್ಲ. ಚಿಕ್ಕ ವಯಸ್ಸಿನ ವಿಧವೆಯರು ಬಸಿರಾದರೆ ಜೀವ ಕಳೆದುಕೊಳ್ಳಬೇಕು, ಇಲ್ಲವೇ ಕೂಸಿನ ಜೀವ ತೆಗೆಯಬೇಕು. 1863ರಲ್ಲಿ ಫುಲೆ ದಂಪತಿ ಇಂಥವರಿಗಾಗಿ ಒಂದು ಮನೆ ತೆರೆದರು. ಗುಟ್ಟಾಗಿ ಬಂದು ಹೆರಿಗೆ ಮಾಡಿಸಿಕೊಳ್ಳಿ, ಕೂಸನ್ನು ಬೇಕಾದರೆ ಒಯ್ಯಿರಿ, ಇಲ್ಲದಿದ್ದರೆ ಇಲ್ಲೇ ಬಿಡಿ ಅನ್ನುವುದು ಅಲ್ಲಿಯ ರೀತಿ. ಹಾಗೆ ಬಂದ ಒಬ್ಬ ವಿಧವೆಯ ಮಗ ಯಶವಂತನನ್ನು 1874ರಲ್ಲಿ ತಾವೇ ದತ್ತು ಪಡೆದರು. ಅವನು ಡಾಕ್ಟರಾದ. 1897ರ ಪ್ಲೇಗಿನಲ್ಲಿ ಅವ್ವ ಮಗ ಇಬ್ಬರೂ ರೋಗಿಗಳ ಸೇವೆಗೆ ನಿಂತರು, ಸಾವಿತ್ರಿಬಾಯಿ ಅದೇ ಪ್ಲೇಗಿಗೆ ತೀರಿಕೊಂಡರು.

ಕಾನೂನು ಈ ದಾರಿಗೆ ಬರಲು ಬಹಳ ಕಾಲ ಹಿಡಿಯಿತು. ನಮ್ಮ ಜಿಲ್ಲೆ ಮೈಸೂರು ರಾಜ್ಯ ಸೇರಿದ್ದು 1956ರ ನವೆಂಬರ್‌ನಲ್ಲಿ. ಮರುತಿಂಗಳೇ ಹಿಂದೂ ದತ್ತಕ ಕಾಯ್ದೆ ಬಂತು. ಹೆಣ್ಣುಮಗುವನ್ನೂ ದತ್ತು ಪಡೆಯಬಹುದು ಎಂದಿತು. ಆದರೂ ಮಗುವನ್ನು ಕೊಡುವ ಅಧಿಕಾರ ಅಪ್ಪನದೇ, ಅವ್ವನದು ಬರೀ ಒಪ್ಪಿಗೆ. ಅದು ಸಮನಾದದ್ದು 2010ರಲ್ಲಿ.

ಹೆತ್ತವಳಿಗೆ ನೇರವಾಗಿ ಬಾಗಿಲು ತೆರೆದಿರುವುದು 2015ರ ಬಾಲನ್ಯಾಯ ಕಾಯ್ದೆ. ಸಾಕಲು ಆಗದ ಸ್ಥಿತಿಯಲ್ಲಿರುವ ತಾಯಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಇದು ಅಪರಾಧವಲ್ಲ. ಮದುವೆಯಾಗದವಳಾದರೆ ಅವಳೊಬ್ಬಳ ಸಹಿ ಸಾಕು. ಹೆಸರು ಗುಟ್ಟಾಗಿರುತ್ತದೆ. ಸಮಿತಿಯವರು ಕೂತು ಮಾತಾಡಿ, ಇಟ್ಟುಕೊಳ್ಳುವ ದಾರಿ ಇದೆಯಾ ಎಂದೂ ನೋಡಬೇಕು. ಸಹಿ ಹಾಕಿದ ಮೇಲೂ ಎರಡು ತಿಂಗಳೊಳಗೆ ಮನಸ್ಸು ಬದಲಾಯಿಸಿ ಮಗುವನ್ನು ವಾಪಸ್ ಕೇಳಬಹುದು. ಶಿವಲಿಂಗಪ್ಪನ ಅವ್ವನ ಕಾಲಕ್ಕೆ ಹೋಲಿಸಿದರೆ ನಮಗೆ ಇದೇ ದೊಡ್ಡ ಬದಲಾವಣೆ ಅನಿಸುತ್ತದೆ.

ಬಸಿರು ಬೇಡವೆಂದರೆ 20 ವಾರದವರೆಗೆ, ಕೆಲವರಿಗೆ 24 ವಾರದವರೆಗೆ, ಕಾನೂನುಬದ್ಧ ಗರ್ಭಪಾತದ ದಾರಿಯೂ ಇದೆ. ಆದರೆ ಹಳ್ಳಿಯಲ್ಲಿ ಹೆದರಿ ಮುಚ್ಚಿಟ್ಟು, ಗೊತ್ತಾಗುವ ಹೊತ್ತಿಗೆ ಆ ಸಮಯ ಮೀರಿರುತ್ತದೆ. ಆಮೇಲೆ ಯಾರೋ ಮಧ್ಯವರ್ತಿ ಬಂದು ಮಕ್ಕಳಿಲ್ಲದವರಿಗೆ ಕೊಡಿಸುತ್ತೇನೆ, ಇಷ್ಟು ದುಡ್ಡು ಅನ್ನುತ್ತಾನೆ. ಅದು ಮಗು ಮಾರಾಟ, ಐದು ವರ್ಷದವರೆಗೆ ಜೈಲು. ಆಸ್ಪತ್ರೆಯವರು ಕೈಹಾಕಿದ್ದರೆ ಅವರಿಗೆ ಏಳು ವರ್ಷದವರೆಗೆ.

ಹುಡುಗಿಗೆ 18 ತುಂಬಿರದಿದ್ದರೆ ಪೋಕ್ಸೊ ಕಾಯ್ದೆ ಬರುತ್ತದೆ, ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ. ಹಾಗೆಂದು ಮಗುವನ್ನು ಒಪ್ಪಿಸುವ ದಾರಿ ಮುಚ್ಚುವುದಿಲ್ಲ.

ಜವಳಗೇರಾದಿಂದ ಸಮಿತಿಯನ್ನು ಹುಡುಕಿಕೊಂಡು ರಾಯಚೂರಿಗೆ ಒಬ್ಬಳೇ ಬಸ್ ಹತ್ತಬೇಕಿಲ್ಲ. 1098ಕ್ಕೆ ಫೋನ್ ಮಾಡಿದರೆ ಆಯಿತು. ದುಡ್ಡು ಕಟ್ ಆಗುವುದಿಲ್ಲ, ರಾತ್ರಿಯೂ ಎತ್ತುತ್ತಾರೆ.